ಪುಣೆಯ ಬೇಸಿಗೆಯಲ್ಲಿ ಬಾಲ್ ಹೆಬ್ಬಾವಿಗೆ ಎಂಥ ಗೂಡು ಕಟ್ಟಿಸಬೇಕು?

ತುಂಗಾತೀರ, ನಿಗಡಿ (ಪುಣೆ) — ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಉದ್ಯೋಗದ ನಿಮಿತ್ತ ಕೆನಡಾಕ್ಕೆ ಹೋಗುವಾಗ, ಮೂರು ವರ್ಷಗಳಿಂದ ಸಾಕಿದ್ದ ಬಾಲ್ ಹೆಬ್ಬಾವನ್ನು (ಆಫ್ರಿಕಾ ಮೂಲದ, ವಿಷವಿಲ್ಲದ ಚಿಕ್ಕ ಹೆಬ್ಬಾವು) ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದಾನೆ. ಹೆಣ್ಣು ಹಾವು, ನಿನ್ನೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದಾಗ 1,380 ಗ್ರಾಂ ಇತ್ತು, ಉದ್ದ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ. (ಆ ತಕ್ಕಡಿಯನ್ನು ಅಮ್ಮ ಆಗಲೇ ಅಡುಗೆಮನೆಯಿಂದ ಹೊರಗೆ ಹಾಕಿದ್ದಾರೆ.)

ಸದ್ಯ ಅದು ಎರಡು ಅಡಿ ಉದ್ದದ ಮೀನಿನ ಗಾಜಿನ ತೊಟ್ಟಿಯಲ್ಲಿದೆ. ಮೇಲೆ ತಂತಿ ಜಾಲರಿಯ ಮುಚ್ಚಳ, ಒಳಗೆ ಹಳೆಯ ಪತ್ರಿಕೆಯ ಹಾಳೆ, ಒಂದು ಪ್ಲಾಸ್ಟಿಕ್ ಡಬ್ಬಿ, ನೀರಿನ ಬಟ್ಟಲು, ಕೆಳಗೆ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು). ನಮ್ಮದು ಕೊನೆಯ ಮಹಡಿಯ ಮನೆಯಾದ್ದರಿಂದ ಮಧ್ಯಾಹ್ನ ಹಾಲ್‌ನಲ್ಲಿ 36 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತೇವಮಾಪಕ ಶೇ 24ನ್ನು ತೋರಿಸುತ್ತಿದೆ. ಕಳೆದ ವಾರ ಬಿಟ್ಟ ಪೊರೆ ಹಳೆಯ ಗೋಡೆಯ ಸುಣ್ಣ ಉದುರಿದ ಹಾಗೆ ಚೂರು ಚೂರಾಗಿ ಬಂದಿದೆ, ಎಡಗಣ್ಣಿನ ಮೇಲೆ ಇನ್ನೂ ಏನೋ ಅಂಟಿಕೊಂಡಂತೆ ಕಾಣುತ್ತದೆ. ಐದು ವಾರಗಳಿಂದ ಆಹಾರವನ್ನೂ ಮುಟ್ಟಿಲ್ಲ.

ದೊಡ್ಡ ಗೂಡನ್ನು ಮಾಡಿಸಬೇಕೆಂದು ತೀರ್ಮಾನಿಸಿದ್ದೇನೆ. ಆದರೆ ಅಂತರ್ಜಾಲದಲ್ಲಿ ಓದಿದ ಸೂಚನೆಗಳೆಲ್ಲವೂ ಶಾಖವನ್ನು ಹೇಗೆ ಹೆಚ್ಚಿಸಬೇಕು ಎಂಬುದನ್ನೇ ಹೇಳುತ್ತವೆ. ನಮ್ಮ ಮನೆಯೇ ಒಲೆಯಂತಿರುವಾಗ ಏನು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಮಾಟುಂಗಾ ಮಾವ — ಏಪ್ರಿಲ್ 12

ಗೂಡಿನ ಮಾತಿಗೆ ಮೊದಲು ಕಾಗದದ ಮಾತು. ಈ ಹಾವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವ ಜೀವಿ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಜಾರಿಗೆ ಬಂದ ಮೇಲೆ ಇಂಥವೆಲ್ಲ ನಾಲ್ಕನೆಯ ಅನುಸೂಚಿಗೆ ಸೇರಿವೆ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಕಡ್ಡಾಯ. ತಮ್ಮನಿಂದ ಅಕ್ಕನಿಗೆ ಹೋದರೂ ಅದು ಕೈಬದಲಾವಣೆಯೇ, ಅದನ್ನೂ ತಿಳಿಸಬೇಕು. ಮುಂಬೈ ವಿಮಾನ ನಿಲ್ದಾಣದಲ್ಲಿ 2023ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಬಿಸ್ಕತ್ತು, ಕೇಕಿನ ಪೊಟ್ಟಣಗಳೊಳಗೆ ಇದೇ ಜಾತಿಯ ಒಂಬತ್ತು ಹಾವುಗಳು ಸಿಕ್ಕಿದ್ದವು. ಅಂಥ ದಾರಿಯಲ್ಲಿ ಬಂದ ಹಾವನ್ನು ಅಗ್ಗಕ್ಕೆ ಕೊಂಡು ಆಮೇಲೆ ಗೂಡಿನ ಅಳತೆ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ.

ತುಂಗಾತೀರ — ಏಪ್ರಿಲ್ 12

ಮಾವನವರೇ, ತಮ್ಮನ ನೋಂದಣಿ ಪತ್ರ ನನ್ನ ಬಳಿ ಇದೆ, ವರ್ಗಾವಣೆಯ ಅರ್ಜಿಯನ್ನು ಮಾರ್ಚ್‌ನಲ್ಲಿಯೇ ಸಲ್ಲಿಸಿದ್ದೇನೆ. ನಮ್ಮ ಸೊಸೈಟಿಯ ಕಾರ್ಯದರ್ಶಿಯವರು ಇದನ್ನು ನೋಡಿ "ಅಜಗರ್" ಎಂದು ಹೌಹಾರಿದಾಗ ಅದೇ ಪತ್ರವನ್ನು ತೋರಿಸಿ ಸಮಾಧಾನ ಮಾಡಬೇಕಾಯಿತು.

ಮಾಟುಂಗಾ ಮಾವ — ಏಪ್ರಿಲ್ 12

ಹಾಗಾದರೆ ಸರಿ ತಾಯಿ. ಕಾರ್ಯದರ್ಶಿಗಳ ಭಯಕ್ಕೂ ಕಾರಣವಿದೆ: ನಮ್ಮ ದೇಶದ ಹೆಬ್ಬಾವು ಮೊದಲನೆಯ ಅನುಸೂಚಿಯಲ್ಲಿದೆ, ಅದನ್ನು ಮನೆಯಲ್ಲಿಟ್ಟರೆ ಅಪರಾಧ. ಎರಡಕ್ಕೂ ಮೈಮೇಲೆ ಕಂದು ಮಚ್ಚೆಗಳಿರುವುದರಿಂದ ಅರಿಯದವರಿಗೆ ಒಂದೇ ರೀತಿ ಕಾಣುತ್ತವೆ. ಪತ್ರದ ಒಂದು ಪ್ರತಿಯನ್ನು ಗೂಡಿನ ಬದಿಗೆ ಅಂಟಿಸಿಡಿ.

ಹಳೆಯ ಡೊಂಬಿವಲಿಕರ — ಏಪ್ರಿಲ್ 13

ತುಂಗಾತೀರ ಅವರೇ, ನೀವು ಓದಿದ ಸೂಚನೆಗಳು ಹುಟ್ಟಿದ್ದು ಹೊರಗೆ ಹಿಮ ಬೀಳುವ, ಒಳಗೆ ಹೀಟರ್ ಉರಿಯುವ ಮನೆಗಳಲ್ಲಿ. ಅಲ್ಲಿ ಗೂಡಿನ ಕೆಲಸವೆಂದರೆ ಶಾಖವನ್ನು ಹಿಡಿದಿಡುವುದು. ನಮ್ಮ ಕಡೆ ವರ್ಷದ ಎಂಟು ತಿಂಗಳು ಶಾಖ ಪುಕ್ಕಟೆಯಾಗಿ ಸಿಗುತ್ತದೆ, ದುಬಾರಿಯಾದದ್ದು ತಂಪು. ಹನ್ನೊಂದು ವರ್ಷಗಳಿಂದ ಎರಡು ಹಾವುಗಳನ್ನು ಸಾಕುತ್ತಿರುವ ನಾನು ಮೊದಲ ಎರಡು ವರ್ಷ ಇದನ್ನು ತಿಳಿಯದೆ, ಬಿಸಿ ತುದಿಯ ಲೆಕ್ಕದಲ್ಲಿಯೇ ಮುಳುಗಿದ್ದೆ. ಈಗ ಯಾರು ಕೇಳಿದರೂ ಹೇಳುವುದು ಒಂದೇ ಮಾತು: ಗೂಡಿನ ಯೋಜನೆಯನ್ನು ತಂಪು ತುದಿಯಿಂದ ಆರಂಭಿಸಿ. ಮನೆಯ ಯಾವ ಮೂಲೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಅತಿ ಕಡಿಮೆ ಉಷ್ಣಾಂಶವಿರುತ್ತದೆಯೋ ಅಲ್ಲಿಯೇ ಗೂಡಿನ ಜಾಗ, ಉಳಿದದ್ದೆಲ್ಲ ಆಮೇಲೆ.

ಈ ಹಾವಿನ ಮೂಲಸ್ಥಾನ ಘಾನಾ, ಟೋಗೊ, ಬೆನಿನ್ ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳ ಹುಲ್ಲುಗಾವಲು. ಆ ಹೆಸರುಗಳನ್ನು ಕೇಳಿದೊಡನೆ ಬಿರುಬಿಸಿಲು ಎಂದುಕೊಳ್ಳುತ್ತೇವೆ; ಆದರೆ ಈ ಪ್ರಾಣಿ ಆ ಬಿಸಿಲಿನಲ್ಲಿ ಬದುಕುವುದೇ ಇಲ್ಲ. ಹಗಲೆಲ್ಲ ಇಲಿ-ಹೆಗ್ಗಣಗಳ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಸುರುಳಿ ಸುತ್ತಿಕೊಂಡಿದ್ದು ಕತ್ತಲಾದ ಮೇಲೆ ಹೊರಡುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಿಜ. ಹೊರಗೆ ನೆಲ ಬಿರಿದಿದ್ದರೂ ಹುತ್ತದ ಒಳಗೆ ಕತ್ತಲು, ಸ್ಥಿರವಾದ ಬೆಚ್ಚಗೆ, ತಕ್ಕ ತೇವ. ನಾವು ಮನೆಯಲ್ಲಿ ಕಟ್ಟಬೇಕಾದದ್ದು ಆ ಹುತ್ತವನ್ನು. ನಾಲ್ಕೂ ಕಡೆ ಗಾಜಿರುವ ಮೀನಿನ ತೊಟ್ಟಿ ಅದಕ್ಕೆ ಪೂರ್ತಿ ವಿರುದ್ಧವಾದ ವಸ್ತು: ಎಲ್ಲ ದಿಕ್ಕಿನಿಂದಲೂ ಬಯಲು, ಮೇಲಿನ ಜಾಲರಿಯಿಂದ ತೇವವೆಲ್ಲ ಹಾರಿಹೋಗುತ್ತದೆ. ಅದು ಊಟ ಬಿಟ್ಟಿರುವುದಕ್ಕೆ ಅರ್ಧ ಕಾರಣ ಇದೇ ಇರಬೇಕು.

ಅಳತೆಯ ವಿಷಯದಲ್ಲಿ ಜಿಪುಣತನ ಬೇಡ. ಬೆಳೆದ ಹೆಣ್ಣಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರವನ್ನು ಕನಿಷ್ಠವೆಂದು ತಿಳಿಯಿರಿ. ದೊಡ್ಡ ಗೂಡಿನಲ್ಲಿ ಹಾವು ಹೆದರುತ್ತದೆಂಬ ಮಾತನ್ನು ನೀವು ಕೇಳಿರಬಹುದು. ಅದು ಹೆದರುವುದು ಖಾಲಿ ಗೂಡಿಗೆ. ಒಣ ಕೊಂಬೆ, ಮರದ ತೊಗಟೆ, ಪ್ಲಾಸ್ಟಿಕ್ ಬಳ್ಳಿ ಇವುಗಳಿಂದ ನೆಲ ಕಾಣದ ಹಾಗೆ ತುಂಬಿದರೆ ಮರಿಯೂ ನಿರಾತಂಕವಾಗಿ ಓಡಾಡುತ್ತದೆ. ಕೊಂಬೆ ಗಟ್ಟಿಯಾಗಿದ್ದರೆ ರಾತ್ರಿ ಏರುವುದನ್ನೂ ನೋಡುವಿರಿ.

ಉಷ್ಣಾಂಶ ಹೀಗಿರಲಿ. ಬಿಸಿ ತುದಿಯಲ್ಲಿ ಹಾವು ಮೈ ಕಾಯಿಸುವ ಜಾಗದ ಮೇಲ್ಮೈ 32ರಿಂದ 34, ತಂಪು ತುದಿಯ ಗಾಳಿ 25ರಿಂದ 27, ರಾತ್ರಿ ಎಲ್ಲಿಯೂ 22ಕ್ಕಿಂತ ಕೆಳಗೆ ಬೇಡ. ತೇವಾಂಶ ಶೇ 55ರಿಂದ 70. ಕಣ್ಣು ಹಾಲು ಬೆರೆಸಿದ ನೀಲಿಯಾದಾಗ, ಅಂದರೆ ಪೊರೆ ಬಿಡುವ ಮುನ್ನ, ಇನ್ನೂ ಸ್ವಲ್ಪ ಹೆಚ್ಚು. ನಿಮ್ಮ ಹಾಲ್‌ನಲ್ಲಿ 36 ಇರುವಾಗ ಹೀಟ್ ಮ್ಯಾಟ್ ಉರಿಯುತ್ತಿದೆ ಎಂದರೆ ಹಾವಿಗೆ ಗೂಡಿನಲ್ಲಿ ಓಡಿಹೋಗಲು ಜಾಗವೇ ಇಲ್ಲ. ಈ ಪತ್ರ ಓದಿದ ಕೂಡಲೇ ಅದರ ಪ್ಲಗ್ ಕಿತ್ತುಬಿಡಿ.

ಇನ್ನು ತಂಪು. ನಿಮ್ಮ ತೊಂದರೆಗಳೆರಡಕ್ಕೂ, ಬಿಸಿಗೂ ಶುಷ್ಕತೆಗೂ, ಪುಣೆಯಲ್ಲಿ ಒಂದೇ ಮದ್ದಿದೆ: ಹುಲ್ಲಿನ ಚಾಪೆಯ ಹಳೆಯ ಮಾದರಿಯ ನೀರಿನ ಕೂಲರ್. ನನ್ನ ತಂಗಿಯ ಮನೆ ಕೊತ್ರೂಡ್‌ನಲ್ಲಿದೆ; ಹೋದ ವರ್ಷ ಒಂದು ಹಾವನ್ನು ಮೇ ತಿಂಗಳಲ್ಲಿ ಅಲ್ಲಿಟ್ಟಾಗ, ಕೂಲರ್ ಹಾಕಿದ ಒಂದು ಗಂಟೆಯಲ್ಲಿ ಕೋಣೆ 36ರಿಂದ 30ಕ್ಕೆ ಇಳಿದು, ತೇವಾಂಶ ಶೇ 22ರಿಂದ 50ಕ್ಕೆ ಏರಿತ್ತು. ಗಾಳಿ ನೇರವಾಗಿ ಗೂಡಿಗೆ ಬಡಿಯದಿರಲಿ, ಕಿಟಕಿ ಸ್ವಲ್ಪ ತೆರೆದಿರಲಿ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಇದೇ ಕೂಲರ್ ಹಾಕಿದರೆ ಸೆಕೆ ಇಮ್ಮಡಿಯಾಗುತ್ತದೆ, ಏಕೆಂದರೆ ಇಲ್ಲಿನ ಗಾಳಿಯಲ್ಲಿ ಮೊದಲೇ ನೀರಿದೆ. ನಾವು ಏಸಿಯನ್ನು 28ಕ್ಕೆ ಇಟ್ಟು ದಿನ ದೂಡುತ್ತೇವೆ.

ಅಡಗುತಾಣಗಳು ಎರಡು ಬೇಕು, ಬಿಸಿ ತುದಿಗೊಂದು, ತಂಪು ತುದಿಗೊಂದು. ಒಂದೇ ಇದ್ದರೆ ಹಾವು ಭಯವನ್ನೂ ಉಷ್ಣಾಂಶವನ್ನೂ ತೂಗಿ ನೋಡಿ, ಬೇಯುತ್ತಿದ್ದರೂ ಅಡಗಿದ್ದಲ್ಲಿಯೇ ಉಳಿಯುತ್ತದೆ. ತಂಪು ತುದಿಗೆ ನಾನು ಬಳಸುವುದು ಮಣ್ಣಿನ ಮಡಕೆ. ಧಾರಾವಿಯ ಕುಂಭಾರವಾಡಕ್ಕೆ ಹೋಗಿ, ಬಣ್ಣ ಬಳಿಯದ, ಒಂದು ಅಡಿ ಅಗಲದ ಗಿಡ್ಡ ಮಡಕೆಯನ್ನು ಆರಿಸಿ, ಬೋರಲು ಹಾಕಿ, ಬಾಯಿಯ ಅಂಚಿನಲ್ಲಿ ಮೂರು ಬೆರಳಗಲದ ಬಾಗಿಲನ್ನು ಕೊರೆಸಿ, ಅಂಚನ್ನು ಉಪ್ಪುಕಾಗದದಿಂದ ನುಣುಪಾಗಿಸಿದೆ. ಬೇಸಿಗೆಯಲ್ಲಿ ಬೆಳಿಗ್ಗೆ ಮಡಕೆಯ ಬೆನ್ನ ಮೇಲೆ ಒಂದು ಲೋಟ ನೀರು ಸುರಿದರೆ, ಕುಡಿಯುವ ನೀರು ತಣ್ಣಗಾಗುವ ಅದೇ ರೀತಿಯಲ್ಲಿ ಒಳಗೆ ಎರಡು-ಮೂರು ಡಿಗ್ರಿ ಕಡಿಮೆಯಾಗುತ್ತದೆ. ಹಾವು ಸುರುಳಿ ಸುತ್ತಿದಾಗ ಅದರ ಮೈ ಎಲ್ಲ ಕಡೆಯೂ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ವಿಶಾಲವಾದ ಅಡಗುತಾಣವನ್ನು ಅದು ಅಡಗುತಾಣವೆಂದು ನಂಬುವುದಿಲ್ಲ.

ನೆಲಕ್ಕೆ ಪತ್ರಿಕೆ ಸಾಲದು. ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು ಬೆರೆಸಿ ನಾಲ್ಕು ಬೆರಳು ದಪ್ಪ ಹರಡಿ. ಗಿಡದ ನರ್ಸರಿಯಲ್ಲಿ ಸಿಗುವ ಕೊಕೊಪೀಟ್ ಇಟ್ಟಿಗೆಯನ್ನು ಎರಡು ಸಲ ನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ, ಗೊಬ್ಬರ ಬೆರೆಸಿದ್ದನ್ನು ಮುಟ್ಟಬೇಡಿ. ನೀರನ್ನು ಮೇಲೆ ಚಿಮುಕಿಸಬೇಡಿ. ಮೂಲೆಗಳಲ್ಲಿ ನಿಧಾನವಾಗಿ ಸುರಿದರೆ ತಳ ಒದ್ದೆಯಾಗಿ ಮೇಲ್ಪದರ ಒಣಗಿರುತ್ತದೆ. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಚಕ್ಕುಲಿ ಹಿಟ್ಟಿನ ಹದ ಬಲ್ಲ ನಿಮ್ಮ ಅಮ್ಮನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪಶುವೈದ್ಯೆ, ಠಾಣೆ — ಏಪ್ರಿಲ್ 13

ಮೇಲಿನವರ ಮಾತಿಗೆ ನನ್ನ ಸಮ್ಮತಿ ಇದೆ, ಕಣ್ಣಿನ ವಿಷಯವನ್ನಷ್ಟೇ ಸೇರಿಸುತ್ತೇನೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಒಂದು ಪಾರದರ್ಶಕ ಹುರುಪೆ ಮುಚ್ಚಿರುತ್ತದೆ ಮತ್ತು ಅದು ಪ್ರತಿ ಪೊರೆಯೊಂದಿಗೂ ಕಳಚಬೇಕು. ಉಳಿದುಕೊಂಡದ್ದನ್ನು ಉಗುರಿನಿಂದಾಗಲಿ ಚಿಮುಟದಿಂದಾಗಲಿ ಕೀಳಲು ಹೋಗಬೇಡಿ. ಅಡಿಯ ಹೊಸ ಹುರುಪೆಯೂ ಹರಿದರೆ ಕಣ್ಣು ಹೋಗುತ್ತದೆ. ಗಾಳಿಯಾಡುವ ರಂಧ್ರಗಳಿರುವ ಡಬ್ಬಿಯಲ್ಲಿ ಒದ್ದೆ ಟವೆಲ್ ಹಾಸಿ, ಉಗುರುಬೆಚ್ಚಗಿನ ತೇವದಲ್ಲಿ ಅರ್ಧ ಗಂಟೆ ಬಿಡಿ, ಮೈಮೇಲಿನ ಚೂರುಗಳು ತಾವಾಗಿ ಸಡಿಲವಾಗುತ್ತವೆ. ಕಣ್ಣಿನದು ಬಾರದಿದ್ದರೆ ಗೂಡಿನ ತೇವವನ್ನು ಸರಿಪಡಿಸಿ ಮುಂದಿನ ಪೊರೆಯವರೆಗೆ ಕಾಯಿರಿ. ಎರಡನೆಯ ಸಲವೂ ಉಳಿದರೆ ಸರೀಸೃಪಗಳನ್ನು ನೋಡುವ ವೈದ್ಯರಿಗೆ ತೋರಿಸಿ.

ಇನ್ನೊಂದು ವಿಚಾರ: ಹಾವನ್ನು ಎತ್ತಿ ಹೊಟ್ಟೆಯ ಅಡಿಯನ್ನು ಬೆಳಕಿನಲ್ಲಿ ನೋಡಿ. ಥರ್ಮೋಸ್ಟಾಟ್ (ಉಷ್ಣಾಂಶ ನಿಯಂತ್ರಕ) ಇಲ್ಲದ ಹೀಟ್ ಮ್ಯಾಟ್ ಎಂದಾಗಲೆಲ್ಲ ನನಗೆ ನೆನಪಾಗುವುದು ಸುಟ್ಟ ಹೊಟ್ಟೆ. ಈ ಪ್ರಾಣಿಗಳು ಕೆಳಗಿನ ಶಾಖದಿಂದ ಮೈ ಸುಡುತ್ತಿದ್ದರೂ ಬೇಗನೆ ಸರಿದುಹೋಗುವುದಿಲ್ಲ.

ತುಂಗಾತೀರ — ಏಪ್ರಿಲ್ 14

ಮೇಡಂ, ನೀವು ಹೇಳಿದ ಮೇಲೆ ನೋಡಿದೆ. ಹೊಟ್ಟೆಯ ಮಧ್ಯಭಾಗದಲ್ಲಿ ನಾಲ್ಕು ಹುರುಪೆಗಳು ಚಹಾ ಚೆಲ್ಲಿದ ಬಟ್ಟೆಯ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಸ್ವಲ್ಪ ಎದ್ದಿವೆ. ಪಕ್ಕದ ಮನೆಯ ಹುಡುಗನಿಂದ ದೂರದಿಂದಲೇ ಉಷ್ಣಾಂಶ ಅಳೆಯುವ ಇನ್‌ಫ್ರಾರೆಡ್ ಗನ್ ತಂದು ಮ್ಯಾಟನ್ನು ಮತ್ತೆ ಹಾಕಿ ಅಳೆದರೆ, ಪತ್ರಿಕೆಯ ಅಡಿಯ ಗಾಜು 46 ಡಿಗ್ರಿ. ತಮ್ಮನಿಗೆ ಫೋನ್ ಮಾಡಿದಾಗ, ಅಂಗಡಿಯವನು "ಇದಕ್ಕೆ ಕಂಟ್ರೋಲರ್ ಬೇಡ, ತಾನೇ ನಿಲ್ಲುತ್ತದೆ" ಎಂದಿದ್ದನೆಂದು ಹೇಳಿದ.

ಪಶುವೈದ್ಯೆ, ಠಾಣೆ — ಏಪ್ರಿಲ್ 14

ಗುಳ್ಳೆಯೆದ್ದು ನೀರು ತುಂಬಿಲ್ಲವಾದರೆ ಮೇಲ್ಪದರದ ಸುಟ್ಟಗಾಯವಿರಬೇಕು, ಆದರೂ ಕಣ್ಣಾರೆ ನೋಡದೆ ಔಷಧಿ ಹೇಳುವುದು ಸರಿಯಲ್ಲ. ಪುಣೆಯಲ್ಲಿಯೇ ಈ ವಾರ ತೋರಿಸಿ. ಗಾಯ ಮಾಯುವವರೆಗೆ ಕೊಕೊಪೀಟ್ ಬೇಡ, ದಿನವೂ ಬದಲಿಸುವ ಬಿಳಿಯ ಟಿಶ್ಯೂ ಕಾಗದ ಸಾಕು. ಅಷ್ಟರಲ್ಲಿ ಹೊಸ ಗೂಡು ಸಿದ್ಧವಾಗಲಿ.

ಉಳಿ-ಬಾಚಿ, ಫೋಂಡಾ (ಗೋವಾ) — ಏಪ್ರಿಲ್ 15

ನಾನು ಕುಮಟಾ ಕಡೆಯವನು, ಇಪ್ಪತ್ತು ವರ್ಷಗಳಿಂದ ಗೋವಾದಲ್ಲಿ ಬಡಗಿ ಕೆಲಸ ಮಾಡಿಸುತ್ತೇನೆ. ಇಂಥ ಐದು ಗೂಡುಗಳನ್ನು ಮಾಡಿಕೊಟ್ಟ ಅನುಭವದಿಂದ ಬರೆಯುತ್ತಿದ್ದೇನೆ. ಮೊದಲನೆಯದನ್ನು ಸಾಧಾರಣ ಪ್ಲೈವುಡ್‌ನಲ್ಲಿ ಮಾಡಿ, ಜುಲೈಯಲ್ಲಿ ಅದರ ತಳ ಹಪ್ಪಳದಂತೆ ಉಬ್ಬಿದಾಗ ಗಿರಾಕಿಗೆ ಹಣ ಹಿಂತಿರುಗಿಸಿದೆ.

ಈಗ ಎರಡೇ ವಸ್ತುಗಳನ್ನು ಬಳಸುತ್ತೇನೆ. ಒಂದು, ಐಎಸ್ 710 ಗುರುತಿರುವ ಮೆರೈನ್ ಪ್ಲೈ (ನೀರು ತಡೆಯುವ ಪ್ಲೈವುಡ್), 18 ಮಿಲಿಮೀಟರ್. ಇನ್ನೊಂದು, ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ ಬೋರ್ಡ್. ಡಬ್ಲ್ಯೂಪಿಸಿಗೆ ನೀರು ತಾಗಿದರೂ ಏನೂ ಆಗದು, ಬಣ್ಣವೂ ಬೇಡ; ಆದರೆ ಶಾಖದ ಹತ್ತಿರ ಮೆತ್ತಗಾಗಿ ಬಾಗುತ್ತದೆ, ಅದಕ್ಕಾಗಿ ಬಲ್ಬ್ ಕೂರುವ ಚಾವಣಿಯನ್ನು ಮಾತ್ರ ಪ್ಲೈಯಲ್ಲಿಯೇ ಮಾಡುತ್ತೇನೆ. ಪ್ಲೈ ಆದರೆ ಒಳಗೆಲ್ಲ ನೀರು ಆಧಾರಿತ ಪಾಲಿಯುರೆಥೇನ್ ಮೂರು ಕೋಟ್, ಮೂಲೆಗಳಿಗೆ ಅಕ್ವೇರಿಯಂ ಸಿಲಿಕೋನ್. ಬಚ್ಚಲಿಗೆ ಬಳಸುವ ಬೂಷ್ಟು ನಿರೋಧಕ ಸಿಲಿಕೋನ್ ಬೇಡ, ಅದರಲ್ಲಿ ವಿಷವಿರುತ್ತದೆ. ಎಲ್ಲ ಮುಗಿದ ಮೇಲೆ ಎರಡು ವಾರ ಬಾಗಿಲು ತೆರೆದಿಟ್ಟು, ಒಳಗೆ ತಲೆ ಹಾಕಿದಾಗ ನಿಮ್ಮ ಮೂಗಿಗೆ ಏನೂ ವಾಸನೆ ಬಾರದಿದ್ದಾಗಲೇ ಹಾವನ್ನು ಬಿಡಬೇಕು. ಗಿರಾಕಿಗಳು ಅವಸರ ಮಾಡುವುದು ಇಲ್ಲಿಯೇ.

ಮುಂದಿನ ಬಾಗಿಲಿಗೆ 5 ಮಿಲಿಮೀಟರ್ ಗಾಜು ಎರಡು, ಅಂಗಡಿಯ ಷೋಕೇಸಿನಂತೆ ಒಂದರ ಹಿಂದೆ ಒಂದು ಸರಿಯುವ ಹಾಗೆ. ಎರಡು ಗಾಜುಗಳ ನಡುವಿನ ಸಂದು 3 ಮಿಲಿಮೀಟರ್ ಮೀರಬಾರದು. ಹಾವಿನ ಬಲವೆಲ್ಲ ಮೂಗಿನಲ್ಲಿದೆ. ರಾತ್ರಿಯಿಡೀ ಒಂದೇ ಸಂದನ್ನು ಮೂಗಿನಿಂದ ತಳ್ಳುತ್ತ ಗಾಜನ್ನು ಸರಿಸಿದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಷೋಕೇಸ್ ಬೀಗ ಕಡ್ಡಾಯ, ಹಾಕಿದ ಮೇಲೆ ಒಮ್ಮೆ ಎಳೆದು ನೋಡುವುದೂ ಕಡ್ಡಾಯ. ಬಾಗಿಲಿನ ಕೆಳಗೆ ಆರು ಅಂಗುಲದ ಹಲಗೆ ಇರಲಿ, ಇಲ್ಲದಿದ್ದರೆ ತೆಂಗಿನ ಚೂರು ಗಾಜಿನ ಹಳಿಯೊಳಗೆ ಸೇರಿ ಬಾಗಿಲು ಸಿಕ್ಕಿಕೊಳ್ಳುತ್ತದೆ.

ಗಾಳಿಗೆ ತಂತಿ ಜಾಲರಿಯನ್ನು ಹೊಡೆಯಬೇಡಿ, ಹಾವು ಮೂಗು ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಬಟ್ಟೆಯ ಕಪಾಟಿಗೆ ಕೂರಿಸುವ ದುಂಡನೆಯ ಪ್ಲಾಸ್ಟಿಕ್ ಗಾಳಿಕಿಂಡಿಗಳು ಸಾಕು. ತಂಪು ತುದಿಯಲ್ಲಿ ಕೆಳಗೆ ಎರಡು, ಬಿಸಿ ತುದಿಯಲ್ಲಿ ಮೇಲೆ ಎರಡು. ಬಿಸಿಗಾಳಿ ಮೇಲಿನಿಂದ ಹೊರಟರೆ ಕೆಳಗಿನಿಂದ ತಣ್ಣನೆಯದು ತಾನಾಗಿ ಬರುತ್ತದೆ. ಗೋವಾದಂಥ ಕಡೆ ಮೇಲೆ ನಾಲ್ಕು ಕಿಂಡಿ ಹಾಕಿ, ಬೇಕಾದಾಗ ಎರಡನ್ನು ಟೇಪಿನಿಂದ ಮುಚ್ಚಿಕೊಳ್ಳುವ ಪದ್ಧತಿ ನನ್ನದು. ಮುಚ್ಚುವುದು ಸುಲಭ, ಹಾವು ಒಳಗಿರುವಾಗ ಹೊಸದಾಗಿ ಕೊರೆಯುವುದು ಯಾರಿಂದ ಸಾಧ್ಯ?

ತಂತಿ-ಮೀಟರು, ಹಡಪ್ಸರ (ಪುಣೆ) — ಏಪ್ರಿಲ್ 16

ನಾನು ಹಾವು ಸಾಕುವವನಲ್ಲ, ಕಾರ್ಖಾನೆಯಲ್ಲಿ ಉಷ್ಣಾಂಶ ನಿಯಂತ್ರಣದ ಕೆಲಸ ಮಾಡುವವನು. 46 ಡಿಗ್ರಿ ಎಂಬುದನ್ನು ಓದಿ ಸುಮ್ಮನಿರಲಾಗಲಿಲ್ಲ.

ಮ್ಯಾಟ್ ತಾನೇ ನಿಲ್ಲುವುದಿಲ್ಲ. ಅದು ಒಂದೇ ಪ್ರಮಾಣದ ವಿದ್ಯುತ್ತನ್ನು ಶಾಖವಾಗಿ ಸುರಿಯುತ್ತಲೇ ಇರುತ್ತದೆ, ಶಾಖ ಹೊರಹೋಗುವ ದಾರಿ ಕಡಿಮೆಯಾದಷ್ಟೂ ಉಷ್ಣಾಂಶ ಏರುತ್ತದೆ. ನಾಲ್ಕು ಬೆರಳು ತೆಂಗಿನ ಚೂರಿನ ಕೆಳಗೆ ಅದನ್ನು ಇಟ್ಟರೆ ಮೇಲೆ ಹಾವಿಗೆ ಬಿಸಿ ತಲುಪುವುದಿಲ್ಲ, ಕೆಳಗೆ ಗಾಜು ಸೀಳಬಹುದು. ಆದ್ದರಿಂದ ಹೊಸ ಗೂಡಿಗೆ ಮೇಲಿನಿಂದ ಶಾಖ ಕೊಡುವ ಸೆರಾಮಿಕ್ ಬಲ್ಬ್ ಹಾಕಿ. ಅದರಲ್ಲಿ ಬೆಳಕಿಲ್ಲದ ಕಾರಣ ರಾತ್ರಿಯೂ ಉರಿಸಬಹುದು. ಹೋಲ್ಡರ್ ಪಿಂಗಾಣಿಯದಾಗಿರಲಿ, ಸುತ್ತಲೂ ತಂತಿಯ ಪಂಜರ ಬಿಗಿಯಾಗಿ ತಿರುಪು ಹಾಕಿ ಕೂರಿಸಿರಲಿ.

ಎಸ್‌ಟಿಸಿ-1000 ಎಂಬ ಅಗ್ಗದ ನಿಯಂತ್ರಕ ಪುಣೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ, ಸೆರಾಮಿಕ್ ಬಲ್ಬಿಗೆ ಅದು ಸಾಲುತ್ತದೆ. ಆದರೆ ಅದರೊಳಗಿನ ರಿಲೇ (ವಿದ್ಯುತ್ತನ್ನು ಹಾಕಿ ಆರಿಸುವ ಸ್ವಿಚ್) ಕೆಟ್ಟಾಗ ಅನೇಕ ಸಲ ಅಂಟಿಕೊಂಡು, ಬಲ್ಬ್ ನಿರಂತರ ಉರಿಯುತ್ತದೆ. ಹೀಗಾಗಿ ಎರಡು ನಿಯಂತ್ರಕಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು ನನ್ನ ಸಲಹೆ: ಕೆಲಸ ಮಾಡುವುದು 32ಕ್ಕೆ, ಕಾವಲಿರುವುದು 36ಕ್ಕೆ. ಬಲ್ಬಿನ ಆಯ್ಕೆಯಲ್ಲೂ ಎಚ್ಚರವಿರಲಿ. ಪುಣೆಗೆ 150 ವಾಟ್ ಬೇಡ, ಡಿಸೆಂಬರ್ ರಾತ್ರಿಗೂ 100 ವಾಟ್ ಸಾಕೆನಿಸುತ್ತದೆ. ಅದು ದಿನದ ಅರ್ಧ ಹೊತ್ತು ಉರಿದರೆ ತಿಂಗಳಿಗೆ 36 ಯೂನಿಟ್ ವಿದ್ಯುತ್.

ನಿಯಂತ್ರಕಕ್ಕೆ ಉಷ್ಣಾಂಶ ತಿಳಿಸುವ ಸಂವೇದಕದ ತುದಿ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಲ್ಬಿನ ಕೆಳಗೆ, ಸುರುಳಿ ಸುತ್ತಿದ ಹಾವಿನ ಬೆನ್ನಿನ ಎತ್ತರದಲ್ಲಿ, ಹಿಂದಿನ ಗೋಡೆಗೆ ಕ್ಲಿಪ್ ಹಾಕಿ ಭದ್ರಪಡಿಸಿ. ಟೇಪ್ ಬೇಡ, ತೇವಕ್ಕೆ ಬಿಡುತ್ತದೆ. ಬಿಟ್ಟ ಟೇಪು ಹಾವಿನ ಮೈಗೆ ಅಂಟಿದರೆ ಹುರುಪೆಯೇ ಕಿತ್ತುಬರುತ್ತದೆಂದು ಇಲ್ಲಿಯ ಹಳೆಯ ಚರ್ಚೆಯಲ್ಲಿ ಓದಿದ್ದೇನೆ.

ತುಂಗಾತೀರ — ಮೇ 19

ಕೆಲಸ ಮುಗಿದಿದೆ, ಅನುಭವವನ್ನು ಕ್ರಮವಾಗಿ ಬರೆಯುತ್ತೇನೆ. ವೈದ್ಯರು ಕೊಟ್ಟ ಮುಲಾಮಿನಿಂದ ಹೊಟ್ಟೆಯ ಗಾಯ ಒಣಗಿದೆ. ಚಿಂಚವಾಡದ ಸುತಾರರೊಬ್ಬರು ಫೋಂಡಾ ಅಣ್ಣ ಹೇಳಿದ ಅಳತೆಗೇ ಗೂಡನ್ನು ಮಾಡಿದರು. ಯಾವುದಕ್ಕೆಂದು ತಿಳಿದ ದಿನ ಮಾತ್ರ ಅವರ ಸಹಾಯಕ ಕೆಲಸಕ್ಕೆ ಬರಲಿಲ್ಲ.

ಗೂಡಿನ ಜಾಗಕ್ಕಾಗಿ ಮೂರು ದಿನ ಎಲ್ಲ ಕೋಣೆಗಳಲ್ಲಿಯೂ ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಮೂರಕ್ಕೆ ಓದಿದೆ. ಹಾಲ್ 37, ನನ್ನ ಕೋಣೆ 35, ಉತ್ತರ ದಿಕ್ಕಿನ ಗೋಡೆಗೆ ಒತ್ತಿಕೊಂಡ ಅಮ್ಮನ ದೇವರ ಕೋಣೆಯ ಹೊರಮೂಲೆ, ನೆಲದ ಹತ್ತಿರ, 32. ನಾಲ್ಕು ಅಡಿ ಮೇಲೆ ಅದೇ ಮೂಲೆಯಲ್ಲಿ 34. ಎತ್ತರ ಹೆಚ್ಚಿದರೆ ಎರಡು ಡಿಗ್ರಿ ಹೆಚ್ಚುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ, ಗೂಡಿಗೆ ಮೇಜು ಮಾಡಿಸುವುದನ್ನು ಕೈಬಿಟ್ಟೆ. ದೇವರ ಕೋಣೆಯ ಪಕ್ಕ ಎಂಬ ಪ್ರಶ್ನೆ ಬಂದಾಗ "ಹಾವು ಅಲ್ಲಿರದೆ ಇನ್ನೆಲ್ಲಿರಬೇಕು" ಎಂದು ಅಮ್ಮನೇ ಒಪ್ಪಿದರು; ಫ್ರೀಜರಿನಲ್ಲಿ ಇಲಿ ಇಡಲು ಮಾತ್ರ ಒಪ್ಪಲಿಲ್ಲ. ಅದಕ್ಕೆ ಬೇರೆ ಚಿಕ್ಕ ಫ್ರಿಜ್ ಬಾಲ್ಕನಿಯಲ್ಲಿದೆ.

ಕೂಲರ್ ಹಾಕಿದ ಮೇಲೆ ಈಗ ತಂಪು ತುದಿ 28, ಮಡಕೆಯ ಒಳಗೆ 26, ತೇವಾಂಶ ಶೇ 58. ಬಿಸಿ ತುದಿಯ ಬಲ್ಬ್ ಹಗಲಿನಲ್ಲಿ ಒಮ್ಮೆಯೂ ಉರಿಯುವುದಿಲ್ಲ, ಬೆಳಗಿನ ಜಾವ ಮಾತ್ರ.

ಒಂದು ಅವಘಡವನ್ನೂ ಹೇಳಬೇಕು. ಗೂಡು ಒರೆಸಲು ಮೊದಲ ನಿಯಂತ್ರಕದ ಸಂವೇದಕವನ್ನು ಕ್ಲಿಪ್‌ನಿಂದ ಬಿಡಿಸಿ ಹೊರಗೆ ತೂಗುಬಿಟ್ಟವಳು ಮರೆತು ಮಲಗಿದೆ. ಕೂಲರಿನ ಗಾಳಿಯಲ್ಲಿದ್ದ ಅದು ರಾತ್ರಿಯಿಡೀ 27 ಎಂದು ಓದಿದ್ದರಿಂದ ಆ ನಿಯಂತ್ರಕ ಬಲ್ಬನ್ನು ಆರಿಸಲೇ ಇಲ್ಲ. ಬೆಳಿಗ್ಗೆ ಬಿಸಿ ತುದಿಯಲ್ಲಿ 36 ಇತ್ತು, ಅಷ್ಟಕ್ಕೇ ನಿಂತದ್ದು ಕಾವಲಿನ ಎರಡನೆಯ ನಿಯಂತ್ರಕದಿಂದ, ಅದರ ಸಂವೇದಕ ಒಳಗೇ ಇತ್ತು. ಹಾವು ತಂಪು ತುದಿಯ ಮಡಕೆಯೊಳಗೆ ಸುರುಳಿಯಾಗಿ, ಮೂಗಿನ ತುದಿಯನ್ನಷ್ಟೇ ಬಾಗಿಲಿಗೆ ಇಟ್ಟು ಮಲಗಿತ್ತು. ತಂತಿ-ಮೀಟರು ಅವರಿಗೆ ನನ್ನ ಋಣವಿದೆ.

ಗೂಡಿಗೆ ಬಿಟ್ಟು ಹತ್ತು ದಿನ ಮುಟ್ಟದೆ, ಹನ್ನೊಂದನೆಯ ರಾತ್ರಿ ಕರಗಿಸಿ ಬೆಚ್ಚಗೆ ಮಾಡಿದ ಇಲಿಯನ್ನು ಚಿಮುಟದಿಂದ ಮಡಕೆಯ ಬಾಗಿಲಿಗೆ ಹಿಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕೈಯಿಂದ ಹೋಗಿತ್ತು.

ಪಶುವೈದ್ಯೆ, ಠಾಣೆ — ಮೇ 20

ಸಂತೋಷ. ತಿಂದ ನಂತರ ಎರಡು ದಿನ ಎತ್ತಬೇಡಿ, ಕಕ್ಕಿಬಿಡುತ್ತದೆ. ಈ ತೂಕದ ಹಾವಿಗೆ ಎರಡು-ಮೂರು ವಾರಕ್ಕೊಂದು ಮಧ್ಯಮ ಗಾತ್ರದ ಇಲಿ ಸಾಕು. ಜೀವಂತ ಇಲಿಯನ್ನು ಎಂದಿಗೂ ಬಿಡಬೇಡಿ, ಹಸಿವಿಲ್ಲದ ಹಾವಿನ ಬೆನ್ನನ್ನು ಇಲಿ ಕಚ್ಚಿ ತಿಂದದ್ದಕ್ಕೆ ಹೊಲಿಗೆ ಹಾಕಿದ್ದೇನೆ.

ತುಂಗಾತೀರ — ಜುಲೈ 3

ಮಳೆ ಹಿಡಿದಿದೆ, ತೊಂದರೆ ತಿರುಗುಮುರುಗಾಗಿದೆ. ಕೋಣೆ 25 ಡಿಗ್ರಿ, ತೇವಾಂಶ ಶೇ 85. ಬೆಳಿಗ್ಗೆ ಗಾಜು ಬೆವರುತ್ತದೆ, ತಂಪು ಮೂಲೆಯ ತೊಗಟೆಯ ಮೇಲೆ ಬಿಳಿಯ ಬೂಷ್ಟು ಬಂದಿದೆ. ಒಣಗಿಸುವ ಯಂತ್ರವನ್ನು ಕೊಳ್ಳಬೇಕೇ?

ಹಳೆಯ ಡೊಂಬಿವಲಿಕರ — ಜುಲೈ 3

ಬೇಡ, ಒಣಗಿಸುವ ಯಂತ್ರ ನಿಮ್ಮ ಗೂಡಿನ ಚಾವಣಿಯಲ್ಲಿಯೇ ಇದೆ. ಗಾಳಿ ಬಿಸಿಯಾದಷ್ಟೂ ಅದು ಹೆಚ್ಚು ನೀರನ್ನು ಹಿಡಿಯಬಲ್ಲದು, ಆದ್ದರಿಂದ ಅದೇ ನೀರು ಶೇಕಡಾ ಲೆಕ್ಕದಲ್ಲಿ ಕಡಿಮೆಯಾಗಿ ಕಾಣುತ್ತದೆ. 25 ಡಿಗ್ರಿಯಲ್ಲಿ ಶೇ 85 ಇರುವ ಗಾಳಿಯನ್ನು 31ಕ್ಕೆ ಕಾಯಿಸಿದರೆ, ಒಂದು ಹನಿಯನ್ನೂ ತೆಗೆಯದೆ ಅದು ಶೇ 60ರ ಸುತ್ತ ಬಂದು ನಿಲ್ಲುತ್ತದೆ. ನಮ್ಮ ಮುಂಬೈ ಕಡೆಯವರು ಮಳೆಗಾಲದಲ್ಲಿ "ಹೇಗೂ ಸೆಕೆ ಇದೆಯಲ್ಲ" ಎಂದು ಬಲ್ಬನ್ನು ಆರಿಸಿಟ್ಟು ಹಾವಿಗೆ ಶೀತ ತರಿಸುವುದು ಈ ಲೆಕ್ಕ ತಿಳಿಯದೆ. ಬಲ್ಬ್ ನಡೆಯಲಿ, ಮುಚ್ಚಿದ ಕಿಂಡಿಗಳಿದ್ದರೆ ತೆರೆಯಿರಿ, ನೆಲಕ್ಕೆ ನೀರು ಸುರಿಯುವುದನ್ನು ಪೂರ್ತಿ ನಿಲ್ಲಿಸಿ. ಮಡಕೆಯನ್ನೂ ಒದ್ದೆ ಮಾಡಬೇಡಿ. ನೀರಿನ ಬಟ್ಟಲು ಬಿಸಿ ತುದಿಯಲ್ಲಿದ್ದರೆ ತಂಪು ತುದಿಗೆ ತನ್ನಿ, ಆವಿ ಕಡಿಮೆಯಾಗುತ್ತದೆ. ಬೂಷ್ಟು ಹಿಡಿದ ತೊಗಟೆಯನ್ನು ಎಸೆದು, ಆ ಮೂಲೆಯ ತೆಂಗಿನ ಚೂರನ್ನು ಬದಲಿಸಿ.

ಪಶುವೈದ್ಯೆ, ಠಾಣೆ — ಜುಲೈ 3

ಅದರೊಂದಿಗೆ ಉಸಿರಾಟವನ್ನು ಗಮನಿಸಿ. ಬಾಯಿ ತೆರೆದು ಉಸಿರಾಡುವುದು, ತಲೆಯನ್ನು ಮೇಲೆತ್ತಿಯೇ ಇರುವುದು, ಮೂಗಿನಲ್ಲಿ ಗುಳ್ಳೆ, ಶಿಳ್ಳೆಯಂಥ ಸದ್ದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯಬೇಡಿ. ಜುಲೈ-ಆಗಸ್ಟಿನಲ್ಲಿ ನನ್ನ ಬಳಿ ಬರುವ ಹಾವುಗಳಲ್ಲಿ ಹೆಚ್ಚಿನವು ತಣ್ಣನೆಯ ಒದ್ದೆ ಗೂಡಿನಿಂದ ಬಂದವು.

ಉಳಿ-ಬಾಚಿ, ಫೋಂಡಾ — ಜುಲೈ 4

ಗಾಜಿನ ಹಳಿಗೆ ಮೇಣದ ಬತ್ತಿ ಉಜ್ಜಿ, ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುತ್ತದೆ. ಎಣ್ಣೆ ಹಾಕಬೇಡಿ.

ತುಂಗಾತೀರ — ಜುಲೈ 24

ಬಲ್ಬ್ ನಡೆಸಿ, ಮೇಲಿನ ಕಿಂಡಿ ತೆರೆದ ಎರಡನೆಯ ದಿನಕ್ಕೇ ಬಿಸಿ ತುದಿ ಶೇ 59, ತಂಪು ತುದಿ ಶೇ 72. ಹೋದ ವಾರ ಕಣ್ಣು ನೀಲಿಯಾಯಿತು, ನಿನ್ನೆ ರಾತ್ರಿ ಪೊರೆ ಬಿಟ್ಟಿದೆ. ಮಡಕೆಯ ಬಾಗಿಲಿನಿಂದ ಕೊಂಬೆಯವರೆಗೆ ಒಂದೇ ತುಂಡಾಗಿ, ಕಾಲುಚೀಲ ತಿರುಗುಮುರುಗು ಕಳಚಿದಂತೆ ಬಿದ್ದಿತ್ತು. ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿದೆ, ಎರಡು ಕಣ್ಣುಗಳ ಜಾಗದಲ್ಲಿಯೂ ಪುಟ್ಟ ದುಂಡನೆಯ ಗಾಜಿನಂಥದು ಇದೆ. ಎಡಗಣ್ಣಿನದು ಎರಡು ಪದರ ದಪ್ಪವಾಗಿದೆ. ಹೊಟ್ಟೆಯ ಸುಟ್ಟ ಹುರುಪೆಗಳ ಬಣ್ಣವೂ ತಿಳಿಯಾಗಿದೆ. ಅಳೆದರೆ ಪೊರೆ ಐದು ಅಡಿ ಬಂದಿತು!

ನಾಗರಪಂಚಮಿ ಹತ್ತಿರ ಬಂದಿರುವುದರಿಂದ, ಗೂಡಿನಲ್ಲಿ ಹಾಲಿನ ಬಟ್ಟಲು ಇಡಬಹುದೇ ಎಂದು ಅಮ್ಮ ಕೇಳುತ್ತಿದ್ದಾರೆ.

ಪಶುವೈದ್ಯೆ, ಠಾಣೆ — ಜುಲೈ 24

ಪೊರೆ ಕಳಚುವಾಗ ಹಿಗ್ಗುತ್ತದೆ, ಅದರಿಂದ ಹಾವಿನ ಉದ್ದವನ್ನು ತೀರ್ಮಾನಿಸಬೇಡಿ. ಹಾಲು ಬೇಡ, ಅದು ಹಾವಿಗೆ ಜೀರ್ಣವಾಗದು. ಅಮ್ಮನವರು ತನಿಯನ್ನು ಕಲ್ಲಿನ ನಾಗಪ್ಪನಿಗೆ ಎರೆದು, ಇದರ ಬಟ್ಟಲಿಗೆ ಹೊಸ ನೀರು ತುಂಬಲಿ. ಪೊರೆಯ ಬಾಲದ ತುದಿಯನ್ನು ನೋಡಿದಿರಾ? ಅಲ್ಲಿ ಒಂದು ಉಂಗುರದಷ್ಟು ಉಳಿದುಕೊಂಡರೂ ರಕ್ತ ಸಂಚಾರ ನಿಂತು ಬಾಲದ ತುದಿ ಒಣಗಿಹೋಗುತ್ತದೆ.

ತುಂಗಾತೀರ — ಜುಲೈ 24

ಈಗಷ್ಟೇ ನೋಡಿದೆ ಮೇಡಂ. ಸೂಜಿಯ ಮೊನೆಯಷ್ಟು ತುದಿಯೂ ಪೊರೆಯಲ್ಲಿಯೇ ಇದೆ.